ಜ್ಞಾನಸ್ನಾನದ ಉಡುಗೊರೆ: ಮಗುವಿನ ಪರವಾಗಿ ಎರಡು ಸಾಲು

ಜ್ಞಾನಸ್ನಾನದ ಊಟ ಮುಗಿದು ನೆಂಟರೆಲ್ಲ ಹೊರಟ ಮೇಲೆ ಮನೆಯಲ್ಲಿ ಉಳಿಯುವುದು ಲಕೋಟೆಗಳು, ಬೆಳ್ಳಿಯ ಜಪಸರ, ಪುಟ್ಟ ಚಿನ್ನದ ಶಿಲುಬೆ, ರಾಶಿ ಬಟ್ಟೆ. ಕೊಟ್ಟವರಿಗೆ ಕೃತಜ್ಞತೆಯ ಪತ್ರ ಬರೆಯೋಣ ಎಂದರೆ ಮಂಗಳೂರಿನ ಮನೆಗಳಲ್ಲೂ ಒಂದಷ್ಟು ಆಕ್ಷೇಪಗಳು ಏಳುತ್ತವೆ.

ತಪ್ಪು ಕಲ್ಪನೆ: ಇದು ಪರದೇಶದವರ ಶಿಷ್ಟಾಚಾರ, ನಮ್ಮವರ ನಡುವೆ ಯಾಕೆ?

ವಾಸ್ತವ: ಸಂತ ಪೌಲನು ಫಿಲಿಪ್ಪಿಯರಿಗೆ ಬರೆದ ಪತ್ರದ ಕೊನೆಯ ಅಧ್ಯಾಯ ತೆರೆದು ನೋಡಿ. ಸೆರೆಯಲ್ಲಿದ್ದ ಅವನಿಗೆ ಆ ಊರಿನ ಸಭೆ ಎಪಫ್ರೊದಿತನ ಕೈಯಲ್ಲಿ ನೆರವು ಕಳಿಸಿತ್ತು. ತಂದವನ ಹೆಸರು ಹೇಳಿ, ಕಳಿಸಿದ್ದು ತಲುಪಿತೆಂದು ತಿಳಿಸಿ, ಅವರು ಹಿಂದೆ ಮಾಡಿದ ಸಹಾಯವನ್ನೂ ಅವನು ನೆನೆಯುತ್ತಾನೆ. ನಾವು ಬರೆಯಬೇಕಾದ್ದೂ ಅಷ್ಟೇ.

ತಪ್ಪು ಕಲ್ಪನೆ: ಹಾಲ್‌ನ ಬಾಗಿಲಲ್ಲೇ ಥ್ಯಾಂಕ್ಸ್ ಹೇಳಿ ಆಯಿತಲ್ಲ.

ವಾಸ್ತವ: ಅದು ಬಂದದ್ದಕ್ಕೆ ಹೇಳಿದ್ದು. ಲಕೋಟೆಯನ್ನು ಆಗ ಯಾರೂ ಬಿಚ್ಚಿರಲಿಲ್ಲ. ತಮ್ಮನ ಕೈಯಲ್ಲಿ ಕುವೈತ್‌ನಿಂದ ಸರ ಕಳಿಸಿದ ಚಿಕ್ಕಪ್ಪ ಆ ಬಾಗಿಲಿಗೆ ಬಂದೇ ಇಲ್ಲ. ಉಡುಗೊರೆ ಬಿಚ್ಚುವಾಗ ಒಬ್ಬರು ಪಕ್ಕದಲ್ಲಿ ಕೂತು ಯಾರು, ಏನು ಎಂದು ಬರೆದುಕೊಳ್ಳಲಿ. ದೂರದವರಿಗೆ ವಾಟ್ಸಾಪ್ ಸಾಕು, ಆದರೆ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ. ಗುಂಪಿಗೆ ಹಾಕಿದ "ಎಲ್ಲರಿಗೂ ಧನ್ಯವಾದ" ಯಾರನ್ನೂ ಮುಟ್ಟುವುದಿಲ್ಲ.

ತಪ್ಪು ಕಲ್ಪನೆ: ದುಡ್ಡು ಕೊಟ್ಟವರಿಗೆ ಎಷ್ಟು ಬಂತೆಂದು ಬರೆಯಬೇಕು, ಇಲ್ಲದಿದ್ದರೆ ಬರೆಯಲು ಏನಿದೆ?

ವಾಸ್ತವ: ಮೊತ್ತ ಬೇಡ. ಆ ದುಡ್ಡು ಏನಾಯಿತು ಎಂಬುದನ್ನು ಬರೆಯಿರಿ. ಹೀಗೆ: "ಪ್ರೀತಿಯ ಆಂಟಿ, ನೀವು ಕೊಟ್ಟದ್ದನ್ನು ಮಗಳ ಸುಕನ್ಯಾ ಸಮೃದ್ಧಿ ಖಾತೆಗೆ ಕಟ್ಟಿದ್ದೇವೆ. ಅವಳ ಓದಿಗೆಂದು ಕೂಡಿಟ್ಟ ಮೊದಲ ಹಣ ನಿಮ್ಮದು. ಕಾಲುನೋವಿದ್ದರೂ ಬಲಿಪೂಜೆ ಮುಗಿಯುವವರೆಗೆ ಇದ್ದು ಅವಳನ್ನು ಎತ್ತಿಕೊಂಡಿರಿ. ನಮಗೆ ತುಂಬಾ ಸಂತೋಷವಾಯಿತು." 2015ರಲ್ಲಿ ಶುರುವಾದ ಈ ಖಾತೆಯನ್ನು ಅಂಚೆ ಕಚೇರಿಯಲ್ಲಿ 250 ರೂಪಾಯಿಗೆ ತೆರೆಯಬಹುದು. ಹಾಗಾಗಿ ಚಿಕ್ಕ ಲಕೋಟೆ ಕೊಟ್ಟವರಿಗೂ ಇದೇ ಮಾತನ್ನು ನಿಜವಾಗಿಯೇ ಬರೆಯಬಹುದು. ಮೂರನೆಯ ಸಾಲನ್ನಂತೂ ಬಿಡಬೇಡಿ. ಕೊಟ್ಟವರು ಮತ್ತೆ ಮತ್ತೆ ಓದುವುದು ಅದನ್ನೇ.

ತಪ್ಪು ಕಲ್ಪನೆ: ತಿಂಗಳು ಕಳೆಯಿತು, ಇನ್ನು ಬರೆದರೆ ಚೆನ್ನಾಗಿರುವುದಿಲ್ಲ.

ವಾಸ್ತವ: ಹುಟ್ಟಿದ ಕೆಲವೇ ವಾರಗಳಲ್ಲಿ ಜ್ಞಾನಸ್ನಾನ ಆಗಲಿ ಎನ್ನುತ್ತದೆ ಕ್ಯಾಥೊಲಿಕ್ ಧರ್ಮಸಭೆಯ ಕಾನೂನು. ಅಂದರೆ ಆಗ ತಾಯಿ ಇನ್ನೂ ಬಾಣಂತಿ. ತಡವಾಗುವುದು ಸಹಜ, ಯಾರೂ ಬೇಸರಪಡುವುದಿಲ್ಲ. ಅವಳು ಮಲಗಿರಲಿ, ಅಪ್ಪ ಬರೆಯಲಿ.

ತಪ್ಪು ಕಲ್ಪನೆ: ಜ್ಞಾನತಂದೆ, ಜ್ಞಾನತಾಯಿಗೂ ಅದೇ ಪತ್ರ ಸಾಕು.

ವಾಸ್ತವ: ಅವರು ಬರೀ ಉಡುಗೊರೆ ಕೊಟ್ಟವರಲ್ಲ. ಸಾಮಾನ್ಯವಾಗಿ 16 ವರ್ಷ ತುಂಬಿದವರೇ ಆ ಜಾಗದಲ್ಲಿ ನಿಲ್ಲಬೇಕು, ಹೆತ್ತವರು ನಿಲ್ಲುವಂತಿಲ್ಲ. ಮಗುವನ್ನು ವಿಶ್ವಾಸದಲ್ಲಿ ಬೆಳೆಸಲು ನೆರವಾಗುವ ಹೊಣೆ ಅವರದು. ಬೆಳ್ಳಿ ಲೋಟದ ಮಾತನ್ನು ಒಂದು ಸಾಲಿಗೆ ಮುಗಿಸಿ. ಅವರನ್ನೇ ಏಕೆ ಆರಿಸಿದಿರಿ, ಅವರ ಯಾವ ಗುಣ ಮಗುವಿಗೆ ಬರಲಿ ಎಂದು ಬಯಸಿದಿರಿ ಎಂಬುದನ್ನು ಬಿಡಿಸಿ ಬರೆಯಿರಿ. ಪಾಸ್ಖ ಮೇಣದಬತ್ತಿಯಿಂದ ಮಗುವಿನ ಬತ್ತಿ ಹಚ್ಚಿದ ಫೋಟೊ ಇದ್ದರೆ ಜೊತೆಗಿಡಿ. ಆ ಪತ್ರದ ಒಂದು ಪ್ರತಿಯನ್ನು ಜ್ಞಾನಸ್ನಾನದ ಪ್ರಮಾಣಪತ್ರದೊಂದಿಗೆ ಮಗುವಿಗಾಗಿಯೂ ತೆಗೆದಿಡಿ.