ಹದಿನೆಂಟು ಕಿಲೋ

ಕಿರಾಣಿ ಅಂಗಡಿಯಿಂದ ಮನೆಗೆ ಬರುವ ಅಕ್ಕಿ ಚೀಲ 25 ಕಿಲೋದ್ದು. ಒಂದು ವಾರ ಅನ್ನ ಮಾಡಿ ಉಂಡ ಮೇಲೆ ಅದರಲ್ಲಿ ಹೆಚ್ಚುಕಡಿಮೆ 18 ಕಿಲೋ ಉಳಿದೀತು. ಹೆಗಲಿಗೇರಿಸಿಕೊಂಡು ಮಹಡಿ ಹತ್ತಬಹುದಾದಷ್ಟು ಭಾರ. 1997ರಲ್ಲಿ ಇಡೀ ಭಾರತ, ಅಂದರೆ 95 ಕೋಟಿಗೂ ಹೆಚ್ಚು ಜನ, ಔಷಧಿಯೆಂದು ಬಳಸಿದ ಮಾರ್ಫಿನ್ ಕೂಡ ಇಷ್ಟೇ: 18 ಕಿಲೋ.

ಕ್ಯಾನ್ಸರಿನ ಕೊನೆಯ ಹಂತದಲ್ಲಿ ನೋವು ತಡೆಯಲು ಒಬ್ಬರಿಗೆ ದಿನಕ್ಕೆ ಸರಾಸರಿ 60ರಿಂದ 75 ಮಿಲಿಗ್ರಾಂ ಮಾರ್ಫಿನ್ ಬೇಕು, ಅದೂ ಸುಮಾರು ಮೂರು ತಿಂಗಳು ಎಂಬುದು ತಜ್ಞರ ಅಂದಾಜು. ಒಟ್ಟಿಗೆ ಆರು ಗ್ರಾಂ, ಒಂದು ಟೀ ಚಮಚದಷ್ಟು. 18 ಕಿಲೋವನ್ನು ಆರು ಗ್ರಾಂನಂತೆ ಹಂಚುತ್ತಾ ಹೋದರೆ ಮೂರು ಸಾವಿರ ರೋಗಿಗಳಿಗೆ ಮುಗಿದುಹೋಗುತ್ತದೆ. ವರ್ಷಕ್ಕೆ ಲಕ್ಷಗಟ್ಟಲೆ ಜನ ಕ್ಯಾನ್ಸರಿನಿಂದ ಸಾಯುವ ದೇಶದಲ್ಲಿ ಮೂರು ಸಾವಿರ. ಉಳಿದವರು ಏನು ಮಾಡಿದರು? ನೋವು ತಿಂದರು. ರಾತ್ರಿಯಿಡೀ ಗೋಡೆಗೆ ತಲೆ ಕೊಟ್ಟು ಕೂತರು. ಪಕ್ಕದ ಮನೆಯವರಿಗೂ ಕೇಳುವಂತೆ ನರಳಿದರು. ಅಂಥ ಮನೆಯಲ್ಲಿ ಮಕ್ಕಳು ಓದುವುದಿಲ್ಲ, ಹೆಂಡತಿ ಕೂಲಿಗೆ ಹೋಗುವುದಿಲ್ಲ, ಇನ್ನೊಬ್ಬ ಡಾಕ್ಟರನ್ನು ನೋಡೋಣವೆಂದು ಹೊಲ ಅಡವಿಡುತ್ತಾರೆ. ಒಬ್ಬರ ನೋವು ಎಂದೂ ಒಬ್ಬರದಾಗಿ ಉಳಿಯುವುದಿಲ್ಲ.

ಮಾರ್ಫಿನ್ ತೆಗೆಯುವ ಅಫೀಮು ಇಲ್ಲದ್ದಕ್ಕೆ ಹೀಗಾಯಿತೆ ಎಂದರೆ, ಅಲ್ಲ. ಕಾನೂನುಬದ್ಧವಾಗಿ ಅಫೀಮು ಬೆಳೆದು ಬೇರೆ ದೇಶಗಳಿಗೂ ಮಾರುವ ದೊಡ್ಡ ದೇಶ ನಮ್ಮದೇ. ಮಧ್ಯಪ್ರದೇಶದ ಮಂದಸೌರ್, ನೀಮಚ್, ರಾಜಸ್ಥಾನದ ಚಿತ್ತೋಡಗಢದ ಸುತ್ತ ಫೆಬ್ರವರಿಯಲ್ಲಿ ಹೊಲದ ತುಂಬ ಬಿಳಿ ಹೂ. ಹೂ ಉದುರಿದ ಮೇಲೆ ಉಳಿಯುವ ಹಸಿರು ಕಾಯಿಗೆ ರೈತರು ಮಧ್ಯಾಹ್ನದ ಬಿಸಿಲಲ್ಲಿ ಸಣ್ಣ ಮೊನೆಗಳ ಉಪಕರಣದಿಂದ ಗೀರು ಹಾಕುತ್ತಾರೆ. ಅದಕ್ಕೆ ಅವರು ಹೇಳುವ ಹೆಸರು ಚೀರಾ. ಗೀರಿನಿಂದ ಒಸರುವ ಹಾಲು ರಾತ್ರಿಯಲ್ಲಿ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗುತ್ತದೆ. ಬೆಳಿಗ್ಗೆ ಬಿಸಿಲೇರುವ ಮುಂಚೆ ಒಂದೊಂದೇ ಕಾಯಿಯಿಂದ ಅದನ್ನು ಕೆರೆದು ತೆಗೆಯಬೇಕು. ಅದೇ ಕಾಯಿ ಒಣಗಿದಾಗ ಒಳಗೆ ಗಲಗಲ ಎನ್ನುವುದೇ ನಮ್ಮ ಗಸಗಸೆ. ಹಬ್ಬದ ದಿನ ನಾವು ಪಾಯಸ ಮಾಡಿ ಕುಡಿದು ನಿದ್ದೆ ಹೋಗುವ ಕಾಳು ಅದು. ಯುಎಇಯಲ್ಲಿ, ಸಿಂಗಪುರದಲ್ಲಿ ಅದೇ ಕಾಳು ನಿಷಿದ್ಧ ವಸ್ತು. ದುಬೈಗೆ ಹೊರಟ ಮಗಳ ಪೆಟ್ಟಿಗೆಯಿಂದ ಅಮ್ಮ ಗಸಗಸೆ ಪೊಟ್ಟಣವನ್ನು ಹೊರಗೆ ತೆಗೆಯಲೇಬೇಕು.

2023–24ರಲ್ಲಿ ಸುಮಾರು 1.12 ಲಕ್ಷ ರೈತರು ಅಫೀಮು ಪರವಾನಗಿಗೆ ಅರ್ಹರಾಗಿದ್ದರು. ಒಬ್ಬೊಬ್ಬರಿಗೆ ಸಿಗುವುದು 10 ಆರ್, ಅಂದರೆ ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ ಜಾಗ. ಹೆಕ್ಟೇರಿಗೆ ಕನಿಷ್ಠ 4.2 ಕಿಲೋ ಮಾರ್ಫಿನ್ ಬರುವಷ್ಟು ಅಫೀಮನ್ನು ಸರ್ಕಾರಕ್ಕೆ ಒಪ್ಪಿಸಬೇಕು, ಕಡಿಮೆಯಾದರೆ ಪರವಾನಗಿಗೇ ಕುತ್ತು. ಹಾಗಾದರೆ ಹತ್ತು ಗುಂಟೆಗೆ 420 ಗ್ರಾಂ. ಈ ಅಳತೆಯಲ್ಲಿ ನೋಡಿದರೆ 1997ರ ಆ 18 ಕಿಲೋ ಬೆಳೆಯಲು 43 ರೈತರು ಸಾಕು. ಒಂದು ಚಿಕ್ಕ ಹಳ್ಳಿ. ಸುಮಾರು ಹತ್ತೂವರೆ ಎಕರೆ. ಈ ಲೆಕ್ಕ ಮಾಡುವಾಗ ನಾನು ಸೊನ್ನೆಗಳನ್ನು ಮೂರು ಸಲ ಎಣಿಸಿದೆ.

ಬೀಗ ಬಿದ್ದದ್ದು ಹೊಲಕ್ಕಲ್ಲ, ಔಷಧಿ ಕಪಾಟಿಗೆ. 1961ರ ಮಾರ್ಚ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ವಿಶ್ವಸಂಸ್ಥೆಯ ಮಾದಕ ವಸ್ತುಗಳ ಏಕೀಕೃತ ಒಪ್ಪಂದ ಸಿದ್ಧವಾಯಿತು. ಅದರ ಪೀಠಿಕೆಯಲ್ಲೇ ಎರಡು ಮಾತುಗಳಿವೆ: ನೋವು ಕಳೆಯಲು ಈ ಔಷಧಿಗಳು ಬೇಕೇ ಬೇಕು, ಅವು ಸಿಗುವಂತೆ ಮಾಡಬೇಕು; ಇವುಗಳ ಚಟ ಮನುಷ್ಯನಿಗೆ ದೊಡ್ಡ ಕೇಡು, ಅದನ್ನು ತಡೆಯಬೇಕು. ದೇಶದೇಶಗಳ ಸಂಸತ್ತುಗಳು ಕಾನೂನು ಬರೆದದ್ದು ಬಹುಪಾಲು ಎರಡನೆಯ ಮಾತಿಗೆ. ಭಾರತದಲ್ಲಿ 1985ರ ನವೆಂಬರ್ 14ರಂದು ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆ ಜಾರಿಗೆ ಬಂತು. ಅದಕ್ಕೆ ಮುಂಚೆ 1930ರ ಕಾಯ್ದೆಯಲ್ಲಿ ಮೊದಲ ಅಪರಾಧಕ್ಕೆ ಹೆಚ್ಚೆಂದರೆ ಮೂರು ವರ್ಷ ಜೈಲಿತ್ತು. ಹೊಸ ಕಾಯ್ದೆಯಲ್ಲಿ ಕಡಿಮೆಯೆಂದರೂ ಹತ್ತು ವರ್ಷ ಕಠಿಣ ಸಜೆ, ಒಂದು ಲಕ್ಷ ದಂಡ.

ಕಳ್ಳಸಾಗಣೆದಾರನಿಗೆಂದು ಬರೆದ ಈ ಹತ್ತು ವರ್ಷ ಆಸ್ಪತ್ರೆಯ ಫಾರ್ಮಸಿಸ್ಟನ ತಲೆಯ ಮೇಲೂ ತೂಗಿತು. ಮಾರ್ಫಿನ್ ತರಿಸಬೇಕೆಂದರೆ ಇಟ್ಟುಕೊಳ್ಳಲು ಒಂದು ಪರವಾನಗಿ, ಬೇರೆ ರಾಜ್ಯದಿಂದ ತರಿಸಲು ಇನ್ನೊಂದು, ಆ ರಾಜ್ಯದಿಂದ ಕಳಿಸಲು ಮತ್ತೊಂದು, ಸಾಗಿಸಲು ಮಗದೊಂದು. ಅಬಕಾರಿ ಇಲಾಖೆಗೂ ಔಷಧ ನಿಯಂತ್ರಣ ಇಲಾಖೆಗೂ ಎಡತಾಕಬೇಕು. ರಾಜ್ಯಕ್ಕೊಂದು ನಿಯಮ. ಎಲ್ಲವೂ ಏಕಕಾಲಕ್ಕೆ ಚಾಲ್ತಿಯಲ್ಲಿರಬೇಕು. ನಾಲ್ಕನೆಯದು ಕೈಗೆ ಬರುವ ಹೊತ್ತಿಗೆ ಮೊದಲನೆಯದರ ಅವಧಿ ಮುಗಿದಿರುತ್ತಿತ್ತು. ರಿಜಿಸ್ಟರಿನಲ್ಲಿ ಒಂದು ಮಾತ್ರೆಯ ಲೆಕ್ಕ ತಪ್ಪಿದರೂ ಜೈಲಿನ ಭಯ. ಆ ಭಯದಲ್ಲಿ ಒಬ್ಬ ಫಾರ್ಮಸಿಸ್ಟ್ ಮಾರ್ಫಿನ್ ತರಿಸುವುದನ್ನೇ ನಿಲ್ಲಿಸಿದರೆ ಅವನನ್ನು ಹೇಗೆ ಬೈಯುವುದು? ಅವನಿಗೂ ಮನೆಮಕ್ಕಳಿದ್ದಾರೆ. ಹೀಗೆ ಒಬ್ಬೊಬ್ಬರೇ ನಿಲ್ಲಿಸುತ್ತಾ ಹೋಗಿ, ಹನ್ನೆರಡು ವರ್ಷದಲ್ಲಿ ದೇಶದ ಮಾರ್ಫಿನ್ ಬಳಕೆ ನೂರಕ್ಕೆ ತೊಂಬತ್ತೇಳರಷ್ಟು ಕುಸಿಯಿತು. ಉಳಿದದ್ದು ಆ 18 ಕಿಲೋ.

2017ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗ ಇಡೀ ಜಗತ್ತಿನ ಲೆಕ್ಕ ತೆಗೆಯಿತು. ವರ್ಷಕ್ಕೆ ಹಂಚಿಕೆಯಾಗುತ್ತಿದ್ದ ಸುಮಾರು 298 ಟನ್ ಮಾರ್ಫಿನ್ ಸಮಾನ ಔಷಧಿಯಲ್ಲಿ ತೀರಾ ಬಡ ದೇಶಗಳಿಗೆಲ್ಲ ಸೇರಿ ಹೋಗುತ್ತಿದ್ದದ್ದು 0.1 ಟನ್. ನೂರು ಕಿಲೋ, ನಾಲ್ಕು ಅಕ್ಕಿ ಚೀಲ. ಆರೈಕೆ ಬೇಕಾದ ಒಬ್ಬ ರೋಗಿಗೆ ಭಾರತದಲ್ಲಿ ಲಭ್ಯವಿದ್ದದ್ದು ವರ್ಷಕ್ಕೆ 43 ಮಿಲಿಗ್ರಾಂ, ಕ್ಯಾನ್ಸರಿನ ನೋವಿಗೆ ಒಂದು ಹಗಲು ದಾಟಿಸಲು ಸಾಲುವಷ್ಟು. ಅಮೆರಿಕದಲ್ಲಿ 55,000 ಮಿಲಿಗ್ರಾಂಗೂ ಹೆಚ್ಚು; ಅದು ಎರಡು ವರ್ಷಕ್ಕೂ ಮೀರಿ ಬರುತ್ತದೆ.

ಅಮೆರಿಕದ ಈ ಅಂಕಿಯನ್ನು ಕಂಡು ಅಸೂಯೆಪಡುವಂತಿಲ್ಲ. 2012ರಲ್ಲಿ ಅಲ್ಲಿನ ವೈದ್ಯರು ಬರೆದ ಓಪಿಯಾಯ್ಡ್ (ಮಾರ್ಫಿನ್ ಜಾತಿಯ ನೋವು ಔಷಧಿ) ಚೀಟಿಗಳು 25 ಕೋಟಿಗಿಂತ ಹೆಚ್ಚು. ಕಂಪನಿಗಳು ಲಾಭಕ್ಕಾಗಿ ಮಾತ್ರೆ ಸುರಿದವು, ಚಟ ಹತ್ತಿತು, ಚೀಟಿ ಬಿಗಿಯಾದಾಗ ಜನ ಹೆರಾಯಿನ್‌ಗೆ, ಆಮೇಲೆ ಫೆಂಟನಿಲ್‌ಗೆ ಹೋದರು. 2021 ಒಂದೇ ವರ್ಷದಲ್ಲಿ ಮಾದಕ ವಸ್ತು ಮಿತಿಮೀರಿ ಸತ್ತವರು ಒಂದು ಲಕ್ಷಕ್ಕೂ ಹೆಚ್ಚು. ಆದ್ದರಿಂದ ನಮ್ಮ ಅಧಿಕಾರಿಗಳ ಭಯಕ್ಕೆ ಆಧಾರವೇ ಇಲ್ಲವೆಂದು ನಾನು ಹೇಳಲಾರೆ. ಆದರೆ ಪ್ರವಾಹದ ಕಥೆ ಕೇಳಿ ಬಾಯಾರಿದವನಿಗೆ ನೀರು ಕೊಡದಿರುವುದು ಯಾವ ನ್ಯಾಯ?

ಭಯ ಎಷ್ಟು ದೊಡ್ಡದು, ಅಪಾಯ ಎಷ್ಟು ದೊಡ್ಡದು ಎಂದು ಅಳೆದು ನೋಡಿದವರೂ ಇದ್ದಾರೆ. 1993ರಲ್ಲಿ ಕೋಳಿಕ್ಕೋಡ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಜೊತೆಗಾರರು ನೋವು ಶಮನದ ಚಿಕಿತ್ಸಾಲಯ ತೆರೆದರು. ಮಾರ್ಫಿನ್ ಮಾತ್ರೆಗಳನ್ನು ರೋಗಿಗಳ ಕೈಗೇ ಕೊಟ್ಟು ಮನೆಗೆ ಕಳಿಸಿದರು. ಎರಡು ವರ್ಷದ ಅವಧಿಯಲ್ಲಿ ಹೀಗೆ ಮಾತ್ರೆ ಒಯ್ದವರು 1,723 ಜನ. ದುರ್ಬಳಕೆಯಾದ, ಕಳ್ಳದಾರಿ ಹಿಡಿದ ಪ್ರಕರಣ ಎಷ್ಟು ಸಿಕ್ಕಿತೆಂದು 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಮಾಡಿದರು. ಒಂದೂ ಇಲ್ಲ. ಈ ಲೇಖನದ ಅಂಕಿಗಳಲ್ಲೆಲ್ಲ ನನ್ನನ್ನು ಹೆಚ್ಚು ಅಲುಗಾಡಿಸಿದ್ದು ಈ ಸೊನ್ನೆ.

ಈ ಸೊನ್ನೆಯನ್ನು ಹಿಡಿದು ಅವರು ದೆಹಲಿಗೂ ರಾಜ್ಯ ರಾಜಧಾನಿಗಳಿಗೂ ವರ್ಷಗಟ್ಟಲೆ ತಿರುಗಿದ ಮೇಲೆ, 2014ರ ಫೆಬ್ರವರಿಯಲ್ಲಿ, 15ನೇ ಲೋಕಸಭೆಯ ಕೊನೆಯ ಅಧಿವೇಶನದಲ್ಲಿ ಎನ್‌ಡಿಪಿಎಸ್ ಕಾಯ್ದೆಗೆ ತಿದ್ದುಪಡಿ ಅಂಗೀಕಾರವಾಯಿತು. ಮಾರ್ಫಿನ್‌ನಂಥ ಅಗತ್ಯ ಔಷಧಿಗಳಿಗೆ ದೇಶಕ್ಕೆಲ್ಲ ಒಂದೇ ನಿಯಮ, ಮಾನ್ಯತೆ ಪಡೆದ ಆಸ್ಪತ್ರೆಗೆ ಒಂದೇ ಅನುಮತಿ. ಆದರೆ ಕಾಯ್ದೆ ಬಂದಾಗಿನಿಂದ 28 ವರ್ಷಕ್ಕೂ ಹೆಚ್ಚು ಕಾಲ ಕಳೆದಿತ್ತು. ಅಷ್ಟು ವರ್ಷ ನಮ್ಮ ಕಾಲೇಜುಗಳಿಂದ ಹೊರಬಿದ್ದ ವೈದ್ಯರಲ್ಲಿ ಎಷ್ಟೋ ಮಂದಿ ಒಮ್ಮೆಯೂ ಮಾರ್ಫಿನ್ ಮಾತ್ರೆ ಬರೆದವರಲ್ಲ. ಬರೆದು ರೂಢಿಯಿಲ್ಲದವರು ಕಲಿಸಿದ ವಿದ್ಯಾರ್ಥಿಗಳಿಗೂ ಅದು ಬರುವುದಿಲ್ಲ. ಬೆಂಗಳೂರಿನಲ್ಲಿ ಕಿದ್ವಾಯಿ ಆಸ್ಪತ್ರೆ ಇದೆ, ಕೊನೆಯ ದಿನಗಳ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುವ ಕರುಣಾಶ್ರಯ ಇದೆ. ಅಲ್ಲಿಗೆ ಬಂದವರಿಗೆ ಸಿಗುತ್ತದೆ. ದೂರದ ತಾಲ್ಲೂಕಿನ ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಇಲ್ಲವೆಂದು ತಲೆಯಾಡಿಸುತ್ತಾರೆ.

ದುಡ್ಡಿನ ಕೊರತೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ತೀರಾ ಬಡ ದೇಶಗಳ ಹದಿನೈದು ವರ್ಷದೊಳಗಿನ ಎಲ್ಲ ಮಕ್ಕಳ ನೋವಿಗೆ ಬೇಕಾದ ಮಾರ್ಫಿನ್‌ಗೆ ವರ್ಷಕ್ಕೆ ಹತ್ತು ಲಕ್ಷ ಡಾಲರ್ ಸಾಕೆಂದು ಅದೇ ಲ್ಯಾನ್ಸೆಟ್ ಆಯೋಗ ಹೇಳಿತು. ಮಾದಕ ವಸ್ತು ನಿಷೇಧವನ್ನು ಜಾರಿಯಲ್ಲಿಡಲು ಜಗತ್ತಿನ ಸರ್ಕಾರಗಳು ವರ್ಷಕ್ಕೆ ಮಾಡುವ ಖರ್ಚು ಹತ್ತು ಸಾವಿರ ಕೋಟಿ ಡಾಲರ್. ಮಕ್ಕಳ ಪಾಲಿನ ಆ ಹತ್ತು ಲಕ್ಷ ಅಲ್ಲಿ ಐದೂಕಾಲು ನಿಮಿಷಕ್ಕೆ ಖರ್ಚಾಗುತ್ತದೆ.

ಏಪ್ರಿಲ್ ಬಂದರೆ ಮಂದಸೌರ್ ಸೀಮೆಯ ರೈತರು ಅಫೀಮಿನ ಪಾತ್ರೆ ಹಿಡಿದು ಸರ್ಕಾರದ ತೂಕದ ಕೇಂದ್ರದ ಮುಂದೆ ಸಾಲು ನಿಲ್ಲುತ್ತಾರೆ. ಅಲ್ಲಿಂದ ಅದು ನೀಮಚ್ ಅಥವಾ ಘಾಜೀಪುರದ ಸರ್ಕಾರಿ ಕಾರ್ಖಾನೆಗೆ ಹೋಗುತ್ತದೆ. ಬಂದ ಮಾರ್ಫಿನ್‌ನ ಬಹುಪಾಲು ಕೆಮ್ಮಿನ ಔಷಧಿಯ ಕೊಡೀನ್ ಆಗುತ್ತದೆ. ಸಾಲಿನಲ್ಲಿ ನಿಂತ ಒಬ್ಬ ರೈತನ ಹತ್ತು ಗುಂಟೆಯ ಆ 420 ಗ್ರಾಂ ಮಾತ್ರ ಮಾರ್ಫಿನ್ ಆಗಿಯೇ ಉಳಿದು ಆಸ್ಪತ್ರೆ ತಲುಪಿದರೆ, 70 ಜನ ಕ್ಯಾನ್ಸರ್ ರೋಗಿಗಳು ತಮ್ಮ ಕೊನೆಯ ಮೂರು ತಿಂಗಳು ರಾತ್ರಿ ನಿದ್ದೆ ಮಾಡಬಹುದು.