ಟಿ-ಶರ್ಟ್ ಮೇಲೆ ಮಂಜರಾಬಾದ್

ಟಿ-ಶರ್ಟಿನ ಚಿತ್ರ ಹೇಗಿರಬೇಕೆಂಬುದನ್ನು ಅರ್ಧ ಪಾಲು ನಿರ್ಧರಿಸುವುದು ಅದನ್ನು ಅಚ್ಚು ಹಾಕುವ ವಿಧಾನ. ಇಂದಿಗೂ ಸಾವಿರಾರು ಅಂಗಿಗಳಿಗೆ ಒಗ್ಗುವುದು ಸ್ಕ್ರೀನ್ ಪ್ರಿಂಟಿಂಗ್. ಚೌಕಟ್ಟಿಗೆ ಬಿಗಿದ ಪಾಲಿಯೆಸ್ಟರ್ ಜಾಲರಿಗೆ ಎಮಲ್ಷನ್ ಬಳಿದು, ಕತ್ತಲಲ್ಲಿ ಒಣಗಿಸಿ, ಕಪ್ಪು ಚಿತ್ರವಿರುವ ಫಿಲ್ಮ್ ಇಟ್ಟು ಬೆಳಕು ಹಾಯಿಸುತ್ತಾರೆ. ಬೆಳಕು ಬಿದ್ದ ಕಡೆ ಎಮಲ್ಷನ್ ಗಟ್ಟಿಯಾಗುತ್ತದೆ. ಫಿಲ್ಮಿನ ಕಪ್ಪು ಮರೆಮಾಡಿದ ಕಡೆ ನೀರಿಗೆ ತೊಳೆದುಹೋಗುತ್ತದೆ. ಆ ಕಿಂಡಿಗಳಲ್ಲಿ, ರಬ್ಬರ್ ಅಂಚಿನ ಸ್ಕ್ವೀಜಿ ಎಳೆದಾಗ, ಶಾಯಿ ಬಟ್ಟೆಗೆ ಇಳಿಯುತ್ತದೆ. ಬಣ್ಣ ಒಂದಕ್ಕೆ ಸ್ಕ್ರೀನ್ ಒಂದು. ಬಣ್ಣ ಹೆಚ್ಚಿದಷ್ಟೂ ಖರ್ಚು ಹೆಚ್ಚು, ಒಂದರ ಮೇಲೊಂದು ಸರಿಯಾಗಿ ಕೂರಿಸುವ ಕಷ್ಟವೂ ಹೆಚ್ಚು. ಮಲೆನಾಡಿನ ಮಳೆಗಾಲದ ತೇವದಲ್ಲಿ ಎಮಲ್ಷನ್ ಬೇಗ ಒಣಗದು. ಅರೆಬರೆ ಒಣಗಿದ ಸ್ಕ್ರೀನ್ ತೊಳೆಯುವಾಗ ಸಣ್ಣ ವಿವರಗಳೇ ಮೊದಲು ಕಿತ್ತುಹೋಗುತ್ತವೆ.

ಸಕಲೇಶಪುರದ ಹೆಸರಿನಲ್ಲಿ ಒಂದೇ ಬಣ್ಣದ ಅಂಗಿ ಮಾಡುವುದಾದರೆ ಮಂಜರಾಬಾದ್ ಕೋಟೆಗಿಂತ ಒಳ್ಳೆಯ ವಸ್ತು ಸಿಗದು. ಟಿಪ್ಪು ಸುಲ್ತಾನ್ ಕಾಲದಲ್ಲಿ, 1792ರಲ್ಲಿ ಮುಗಿದ ಈ ಕೋಟೆ ಮೇಲಿನಿಂದ ಎಂಟು ಮೂಲೆಯ ನಕ್ಷತ್ರದಂತೆ ಕಾಣುತ್ತದೆ. ಗೋಡೆಯ ದಪ್ಪ ಗೆರೆ, ಚೂಪಾದ ಮೂಲೆಗಳು, ಇಷ್ಟರಲ್ಲೇ ಗುರುತು ಸಿಗುತ್ತದೆ; ನೆರಳು ಬೇಡ. ಗೆರೆ ಒಂದು ಪಾಯಿಂಟಿಗಿಂತ, ಅಂದರೆ ಸುಮಾರು 0.35 ಮಿಲಿಮೀಟರಿಗಿಂತ, ಸಣ್ಣದಾಗದಿದ್ದರೆ ಕ್ಷೇಮ. ಎರಡು ಗೆರೆಗಳ ನಡುವಿನ ಖಾಲಿ ಜಾಗ ಅದಕ್ಕಿಂತ ಅಗಲವಿರಬೇಕು, ಏಕೆಂದರೆ ಹೆಣೆದ ಬಟ್ಟೆಯಲ್ಲಿ ಶಾಯಿ ಹರಡುತ್ತದೆ.

ಕನ್ನಡ ಅಕ್ಷರಗಳಿಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ದುಂಡು ಅಕ್ಷರದ ಒಳಹೊಟ್ಟೆ, ಒತ್ತಕ್ಷರದ ಸಂದು ಶಾಯಿ ತುಂಬಿ ಮುಚ್ಚಿಹೋಗುತ್ತವೆ. ‘ಸಕಲೇಶಪುರ’ ಎಂಬ ಹೆಸರಿನಲ್ಲಿ ಒತ್ತಕ್ಷರವೇ ಇಲ್ಲದಿರುವುದು ವಿನ್ಯಾಸಕಾರರ ಭಾಗ್ಯ. ‘ಕ್ಷ’, ‘ಸ್ತ್ರ’ಗಳಿರುವ ಸಾಲನ್ನು ಮಾತ್ರ ದೊಡ್ಡದಾಗಿಯೇ ಬರೆಯಬೇಕು, ಪರದೆಯ ಮೇಲೆ ಚೆಂದ ಕಂಡ ಸಣ್ಣ ಅಕ್ಷರವನ್ನು ನಂಬಬಾರದು, ಅಂಗಿಯ ಅಳತೆಯಲ್ಲೇ ಕಾಗದಕ್ಕೆ ಮುದ್ರಿಸಿ ಎರಡು ಮಾರು ದೂರದಿಂದ ಓದಿ ನೋಡಬೇಕು.

ಕಪ್ಪು ಅಂಗಿಯ ಮೇಲೆ ತಿಳಿ ಬಣ್ಣ ಮೇಲೆದ್ದು ಕಾಣಲು ಮೊದಲು ಬಿಳಿಯ ಅಡಿಪದರ ಬೇಕು. ಅದನ್ನು ಚಿತ್ರಕ್ಕಿಂತ ಕೂದಲೆಳೆಯಷ್ಟು ಚಿಕ್ಕದಾಗಿ ಕತ್ತರಿಸದಿದ್ದರೆ ಅಂಚಿನಲ್ಲಿ ಬಿಳಿ ಇಣುಕುತ್ತದೆ. ಇದಕ್ಕಿಂತ ಜಾಣ ದಾರಿ ಬಟ್ಟೆಯ ಬಣ್ಣವನ್ನೇ ಚಿತ್ರಕ್ಕೆ ದುಡಿಸಿಕೊಳ್ಳುವುದು. ಆಲೂರು ಕಡೆಯ ಕಾಡಾನೆಯನ್ನು ಬಿಡಿಸಬೇಕಾದರೆ ಮೈಯನ್ನು ಅಚ್ಚು ಹಾಕಬೇಕಿಲ್ಲ. ಬೆನ್ನು, ಕಿವಿ, ಸೊಂಡಿಲಿನ ಮೇಲೆ ಬಿದ್ದ ಬೆಳದಿಂಗಳ ಗೆರೆ ಸಾಕು; ಉಳಿದ ಕತ್ತಲು ಬಟ್ಟೆಯದೇ.

ಬಿಸಿಲೆ ಘಾಟಿಯ ಮಂಜು ನಿಜವಾದ ಪರೀಕ್ಷೆ. ಸ್ಕ್ರೀನಿಗೆ ತಿಳಿ, ಗಾಢ ಎಂಬ ಭೇದ ತಿಳಿಯದು. ಶಾಯಿ ಇಳಿಯುತ್ತದೆ, ಇಲ್ಲವೇ ಇಳಿಯುವುದಿಲ್ಲ. ಹಾಗಾಗಿ ಮಂಜನ್ನು ಹಾಫ್‌ಟೋನ್ ಚುಕ್ಕಿಗಳಾಗಿ ಒಡೆಯಬೇಕು. ಜಾಲರಿಯ ಎಳೆಗಳ ಸಂಖ್ಯೆಯನ್ನು ನಾಲ್ಕರಿಂದ ಇಲ್ಲವೇ ಐದರಿಂದ ಭಾಗಿಸಿದರೆ ಅದು ತಾಳುವ ಚುಕ್ಕಿ ಸಾಲುಗಳ ಅಂದಾಜು ಸಿಗುತ್ತದೆ: ಸೆಂಟಿಮೀಟರಿಗೆ 77 ಎಳೆಯಿದ್ದರೆ 15ರಿಂದ 19 ಸಾಲು. ಫಿಲ್ಮಿನಿಂದ ಶಾಖದಲ್ಲಿ ಅಂಟಿಸುವ ಡಿಟಿಎಫ್ ವಿಧಾನದಲ್ಲಿ ಬಣ್ಣಗಳಿಗೆ ಮಿತಿಯಿಲ್ಲ, ಹತ್ತು ಅಂಗಿಗೂ ಗಿಟ್ಟುತ್ತದೆ. ಆದರೆ ಚಿತ್ರದ ಹಿಂದೆ ಬಿಳಿ ಶಾಯಿಯೂ ಅಂಟುಪುಡಿಯೂ ಇರುವುದರಿಂದ ಮಂಜು ಬಟ್ಟೆಯೊಳಗೆ ಕರಗುವುದಿಲ್ಲ. ಅಲ್ಲೂ ಚುಕ್ಕಿಯೇ ಗತಿ. ಎದೆಯಗಲದ ತುಂಬು ಚಿತ್ರವಾದರೆ ಗಾಳಿಯಾಡದೆ ಮೈ ಬೆವರುತ್ತದೆ.

ಆಟಗಾರರ ಜೆರ್ಸಿಗೆ ಸಬ್ಲಿಮೇಷನ್ ಸರಿ. ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬಣ್ಣ ಆವಿಯಾಗಿ ಪಾಲಿಯೆಸ್ಟರ್ ಎಳೆಯೊಳಗೇ ಸೇರುವುದರಿಂದ ಕೈಗೆ ಪದರ ತಗಲದು. ಹತ್ತಿಗೆ ಅದು ಹಿಡಿಯದು, ಗಾಢ ಬಟ್ಟೆಯ ಮೇಲೆ ಕಾಣದು. ಅದರಲ್ಲಿ ಬಿಳಿ ಶಾಯಿಯೂ ಇಲ್ಲ. ಕಾಫಿ ಹೂವು ಬಿಡಿಸಬೇಕಾದರೆ ಬಿಳಿ ಜೆರ್ಸಿಯಲ್ಲಿ ಸುತ್ತಲ ಎಲೆಗಳಿಗಷ್ಟೇ ಹಸಿರು ಹಾಕಿ ಹೂವಿನ ಜಾಗವನ್ನು ಖಾಲಿ ಬಿಡಬೇಕು.