ಅಮೃತಬಳ್ಳಿಗೂ ಮಿತಿ ಇದೆ

ಲೋಕಿಕೆರೆ, ಹರಿಹರದ ಸುತ್ತಮುತ್ತ ಬೇಲಿಗೋ ಬೇವಿನ ಮರಕ್ಕೋ ಹಬ್ಬುವ ಅಮೃತಬಳ್ಳಿ ನಮ್ಮವರಿಗೆ ಹೊಸದಲ್ಲ. ಹೃದಯದ ಆಕಾರದ ಎಲೆ, ಕಾಗದದಂತೆ ತೆಳ್ಳಗೆ ಸುಲಿಯುವ ಸಿಪ್ಪೆ, ದಾರದಂತೆ ಇಳಿಬೀಳುವ ಬೇರು ಇದರ ಗುರುತು. ಸಂಸ್ಕೃತದಲ್ಲಿ ಇದು ಗುಡೂಚಿ, ಹಿಂದಿಯಲ್ಲಿ ಗಿಲೋಯ್.

ಆಯುರ್ವೇದದಲ್ಲಿ ಇದರ ಕಾಂಡಕ್ಕೆ ಹೆಚ್ಚಿನ ಮಹತ್ವ. ಜ್ವರ, ಕೀಲುನೋವು, ಮಧುಮೇಹ, ಕಾಮಾಲೆಗಳಿಗೆ ಇದನ್ನು ಬಹುಕಾಲದಿಂದ ಬಳಸುತ್ತಾರೆ. ಮನೆಗಳಲ್ಲಿ ಕಾಂಡವನ್ನು ಜಜ್ಜಿ, ಕುದಿಸಿ, ಕಷಾಯ ಮಾಡುವುದು ರೂಢಿ. ಜ್ವರ ಇಳಿದ ಮೇಲೆ ಕಷಾಯವೂ ನಿಲ್ಲುತ್ತಿತ್ತು. ಆದರೆ 2020ರಲ್ಲಿ ಕೊರೋನಾ ಬಂದಾಗ, ರೋಗನಿರೋಧಕ ಶಕ್ತಿ ಹೆಚ್ಚಲೆಂದು ಆರೋಗ್ಯವಂತರೂ ಇದನ್ನು ತಿಂಗಳುಗಟ್ಟಲೆ ಕುಡಿಯತೊಡಗಿದರು.

ಅದೇ ವರ್ಷ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಮುಂಬಯಿಯ ವೈದ್ಯರು, ಅಮೃತಬಳ್ಳಿ ಸೇವಿಸಿದ್ದ ಆರು ಮಂದಿಯಲ್ಲಿ ಪಿತ್ತಜನಕಾಂಗಕ್ಕೆ, ಅಂದರೆ ಲಿವರ್‌ಗೆ, ಹಾನಿಯಾದುದನ್ನು ಕಂಡರು. ಕೇಂದ್ರದ ಆಯುಷ್ ಸಚಿವಾಲಯ 2021ರಲ್ಲಿ ಇದನ್ನು ಒಪ್ಪಲಿಲ್ಲ. ಅವರು ಸೇವಿಸಿದ್ದು ಅಮೃತಬಳ್ಳಿಯೇ ಎಂದು ಖಚಿತಪಡಿಸಿಕೊಂಡಿಲ್ಲ, ಅದನ್ನು ಹೋಲುವ ಬೇರೆ ಬಳ್ಳಿಗಳಿವೆ ಎಂದಿತು. 2022ರಲ್ಲಿ ದೇಶದ 13 ಆಸ್ಪತ್ರೆಗಳಿಂದ ಇಂಥ 43 ರೋಗಿಗಳ ವರದಿ ಬಂತು. ಹೆಚ್ಚಿನವರು ಸೇವನೆ ನಿಲ್ಲಿಸಿದ ಮೇಲೆ ಚೇತರಿಸಿಕೊಂಡರು. ಮೊದಲೇ ಲಿವರ್ ರೋಗವಿದ್ದವರಲ್ಲಿ ಸಾವೂ ಸಂಭವಿಸಿತು.

ಕಾರಣವೇನು? ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ಕೆಲವರಲ್ಲಿ ಕೆರಳಿ ಸ್ವಂತ ಲಿವರ್ ಮೇಲೆಯೇ ತಿರುಗಿಬೀಳುತ್ತದೆ. ಎಷ್ಟೋ ಜನ ಕುಡಿದರೂ ತೊಂದರೆಯಾಗುವುದು ಕೆಲವರಿಗೆ ಮಾತ್ರ. ಆ ಕೆಲವರು ಯಾರೆಂದು ಮೊದಲೇ ಹೇಳುವುದು ಕಷ್ಟ.

ಆದ್ದರಿಂದ ಈ ಎಚ್ಚರಿಕೆಗಳು ಅಗತ್ಯ: ಲಿವರ್ ರೋಗ, ಥೈರಾಯ್ಡ್ ತೊಂದರೆ, ಆಮವಾತ ಇರುವವರು, ಮೂತ್ರಪಿಂಡ ಕಸಿ ಮಾಡಿಸಿಕೊಂಡವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಸೇವಿಸಬಾರದು. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರಲ್ಲಿ ಸಕ್ಕರೆ ಅಂಶ ತೀರಾ ಇಳಿಯಬಹುದು. ಗುರುತು ಸಿಗದ ಬಳ್ಳಿಯನ್ನು, ಅದರಲ್ಲೂ ಕಾಂಡದ ತುಂಬ ಗಂಟುಗಳಿರುವುದನ್ನು, ಬಳಸಬೇಡಿ. ಡೆಂಗಿ ಕಾಲದಲ್ಲಿ ಕಷಾಯವನ್ನೇ ನಂಬಿ ರಕ್ತಪರೀಕ್ಷೆಯನ್ನು ಮುಂದೂಡಬೇಡಿ.

ಸೇವಿಸುವಾಗ ಹಸಿವು ಕುಂದಿದರೆ, ವಾಕರಿಕೆ ಬಂದರೆ, ಮೂತ್ರ ಗಾಢ ಹಳದಿಯಾದರೆ, ಕಣ್ಣು ಹಳದಿಗಟ್ಟಿದರೆ ಅಂದೇ ನಿಲ್ಲಿಸಿ ಲಿವರ್ ಪರೀಕ್ಷೆ ಮಾಡಿಸಿ. ಕಾಮಾಲೆ ಎಂದು ಅದೇ ಕಷಾಯವನ್ನು ಇನ್ನಷ್ಟು ಕುಡಿಯುವುದು ಅಪಾಯ. ವೈದ್ಯರು ಯಾವ ಔಷಧಿ ತೆಗೆದುಕೊಳ್ಳುತ್ತಿದ್ದೀರಿ ಎಂದಾಗ ಮನೆಯ ಕಷಾಯವನ್ನೂ ಮರೆಯದೆ ಹೇಳಿ. ಔಷಧಿ ಎಂದ ಮೇಲೆ ಅದಕ್ಕೆ ಅಳತೆಯೂ ಉಂಟು, ಅವಧಿಯೂ ಉಂಟು.